ಗಂಟುರೋಗವನ್ನು ಕಂಪ್ಯೂಟರ್ ಗುರುತಿಸಬಲ್ಲದೇ?

ಪ್ರಶ್ನೆ: ರೇಷ್ಮೆ ಹುಳುವಿನ ಶಿಲೀಂಧ್ರ ರೋಗವನ್ನು ಸೂಕ್ಷ್ಮದರ್ಶಕದ ಚಿತ್ರ ನೋಡಿ ಕಂಪ್ಯೂಟರೇ ಹೇಳುತ್ತದಂತೆ. ನಮ್ಮಂಥ ಬೆಳೆಗಾರರಿಗೆ ಇದರಿಂದ ಪ್ರಯೋಜನವಿದೆಯೇ?
— ಓದುಗರು, ಕಲ್ಯ, ಮಾಗಡಿ ತಾಲ್ಲೂಕು

ಉತ್ತರ: ಇದೆ. ಆದರೆ ನಿಮ್ಮ ಹುಳು ಸಾಕಣೆ ಮನೆಗಿಂತ ಮೊಟ್ಟೆ ತಯಾರಾಗುವ ಕಡೆ ಹೆಚ್ಚು. ಸುಣ್ಣಕಟ್ಟು ಎಂಬ ಶಿಲೀಂಧ್ರ ರೋಗಕ್ಕೆ ಸೂಕ್ಷ್ಮದರ್ಶಕವೇ ಬೇಡ. ಸತ್ತ ಹುಳು ಗಟ್ಟಿಯಾಗಿ ಬೆಳ್ಳಗಾಗುವುದು ಕಣ್ಣಿಗೇ ಕಾಣುತ್ತದೆ. ಬೆಳ್ಳಗಾಗುವ ಮೊದಲೇ ಅದನ್ನು ಆರಿಸಿ ಸುಟ್ಟುಬಿಡಿ. ಆ ಬಿಳಿ ಪುಡಿಯೇ ರೋಗ ಹರಡುವ ಬೀಜಕಣ.

ಗಂಟುರೋಗದ ಮಾತು ಬೇರೆ. ಅದನ್ನು ತರುವ ನೊಸಿಮಾ ಬಾಂಬಿಸಿಸ್ ಎಂಬ ಜೀವಿಯನ್ನು ಹಿಂದೆ ಏಕಕೋಶ ಪ್ರಾಣಿ ಎನ್ನುತ್ತಿದ್ದರು, ಈಗ ಶಿಲೀಂಧ್ರಗಳ ಬಳಗಕ್ಕೆ ಸೇರಿಸಿದ್ದಾರೆ. ಇದು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುತ್ತದೆ. 1865ರಿಂದ ಫ್ರಾನ್ಸಿನಲ್ಲಿ ಇದರ ಬೆನ್ನು ಹತ್ತಿದ ಲೂಯಿ ಪಾಸ್ಚರ್ ತೋರಿಸಿದ ದಾರಿಯಲ್ಲೇ ನಾವು ಇಂದಿಗೂ ನಡೆಯುತ್ತಿದ್ದೇವೆ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಸುಮಾರು 600 ಪಟ್ಟು ಹಿಗ್ಗಿಸಿ ನೋಡಿ, ರೋಗ ಕಂಡರೆ ಮೊಟ್ಟೆಯನ್ನು ನಾಶ ಮಾಡುವುದು. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಮಾಗಡಿ, ಕುಣಿಗಲ್ ಸೀಮೆಯಲ್ಲಿ ರೋಗದ ಚಿಟ್ಟೆಯೊಂದು ಕಣ್ತಪ್ಪಿದರೂ ಅಪಾಯ ದೂರದೂರಕ್ಕೆ ಹಬ್ಬುತ್ತದೆ.

ದಿನವಿಡೀ ಮಸೂರಕ್ಕೆ ಕಣ್ಣು ಕೊಟ್ಟು ಕೂತವರಿಗೆ ದಣಿವಾಗುತ್ತದೆ. ಕಂಪ್ಯೂಟರ್ ನೆರವಾಗಬೇಕಾದ್ದು ಇಲ್ಲಿ. ಅದಕ್ಕೆ ಕಲಿಸುವ ಡೀಪ್ ಲರ್ನಿಂಗ್ ಎಂಬ ವಿಧಾನದಲ್ಲಿ ಯಾರೂ ರೋಗದ ಲಕ್ಷಣ ಬರೆದುಕೊಡುವುದಿಲ್ಲ. ಪರಿಣತರು ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ತೋರಿಸುತ್ತ ಹೋದರೆ ಯಂತ್ರ ಅಂಚು, ಆಕಾರ, ಹೊಳಪುಗಳನ್ನು ತಾನೇ ಕಲಿತುಕೊಳ್ಳುತ್ತದೆ. ಗಂಟುರೋಗದ ಬೀಜಕಣ ಮೊಟ್ಟೆಯಾಕಾರದ್ದು; ಉದ್ದ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು ನಾಲ್ಕು ಪಾಲು. ತೊಡಕೆಂದರೆ, ಹಾಲುರೋಗ ಎಂಬ ಇನ್ನೊಂದು ಕಾಯಿಲೆಯ ವೈರಸ್ ಹರಳುಗಳೂ ಯೀಸ್ಟ್ ಕಣಗಳೂ ಅದೇ ಸ್ಲೈಡಿನಲ್ಲಿ ಹೊಳೆಯುತ್ತಿರುತ್ತವೆ. ಪಳಗಿದ ಕಣ್ಣು ಬೀಜಕಣ ದ್ರವದಲ್ಲಿ ನಡುಗುವುದನ್ನೂ ಗಮನಿಸುತ್ತದೆ. ಫೋಟೊದಲ್ಲಿ ಆ ನಡುಕ ಸಿಗುವುದಿಲ್ಲ, ಹಾಗಾಗಿ ಕಿರು ವಿಡಿಯೊಗಳಿಂದ ಕಲಿಸುವುದೇ ಮೇಲೆಂದು ನನಗನ್ನಿಸುತ್ತದೆ. ಅದೂ ಇಲ್ಲಿಯ ಚಿಟ್ಟೆ, ಇಲ್ಲಿಯ ಸ್ಲೈಡುಗಳಿಂದ. ಬೇರೆ ಪ್ರಯೋಗಾಲಯದ ಅಚ್ಚುಕಟ್ಟು ಚಿತ್ರಗಳಲ್ಲಿ ಕಲಿತದ್ದು ನಮ್ಮ ಮೊಟ್ಟೆ ಕೇಂದ್ರದ ಮಬ್ಬು ಸ್ಲೈಡಿನ ಮುಂದೆ ಎಡವಬಹುದು.

ಯಂತ್ರ ನೂರಕ್ಕೆ 99 ಸರಿ ಎಂದು ಯಾರಾದರೂ ಮಾರಲು ಬಂದರೆ, ರೋಗವಿದ್ದ ಚಿಟ್ಟೆಗಳಲ್ಲಿ ಎಷ್ಟನ್ನು ಬಿಟ್ಟಿತು ಎಂದು ಕೇಳಿ. ನೂರರಲ್ಲಿ ಒಂದಕ್ಕಷ್ಟೇ ರೋಗವಿದ್ದಾಗ, ಎಲ್ಲಕ್ಕೂ ‘ರೋಗವಿಲ್ಲ’ ಎಂದರೂ 99 ಅಂಕ ಬಂದುಬಿಡುತ್ತದೆ! ಒಳ್ಳೆಯ ಚಿಟ್ಟೆಯನ್ನು ಅನುಮಾನಿಸಿದರೆ ಪರೀಕ್ಷಕರು ಇನ್ನೊಮ್ಮೆ ನೋಡಿದರಾಯಿತು. ರೋಗದ ಚಿಟ್ಟೆಯನ್ನು ಬಿಟ್ಟರೆ ಬೆಳೆಯೇ ಹೋಗುತ್ತದೆ.