ಶಾಲಾ ಸಂಘಗಳ ವಂತಿಗೆ ಮತ್ತು ಪನಿವಾರ

ನಮ್ಮ ಪ್ರೌಢಶಾಲೆಗಳಲ್ಲಿ ಕನ್ನಡ ಸಂಘ, ವಿಜ್ಞಾನ ಸಂಘ, ಚರ್ಚಾಕೂಟ, ಸ್ಕೌಟ್ ಮತ್ತು ಗೈಡ್ ದಳಗಳು, ಈಚಿನ ವರ್ಷಗಳಲ್ಲಿ ಪರಿಸರ ಸಂಘ, ಹೀಗೆ ಹಲವು ಮಂಡಲಿಗಳು ನಡೆಯುತ್ತಿರುವುದು ಸರ್ವವಿದಿತ. ವಾರ್ಷಿಕ ವರದಿಗಳಲ್ಲಿ ಇವುಗಳ ಉದ್ಘಾಟನೆ, ಉಪನ್ಯಾಸ, ಬಹುಮಾನ ವಿತರಣೆಗಳ ವಿವರ ತಪ್ಪದೆ ಬರುತ್ತದೆ. ಆದರೆ ಸಂಘಕ್ಕೆ ಬೇಕಾದ ಹಣ ಹೇಗೆ ಕೂಡಿತು, ಸಭೆಯ ಕೊನೆಯಲ್ಲಿ ಮಕ್ಕಳ ಕೈಗೆ ಏನು ಬಂತು, ಯಾರ ಕೈಗೆ ಬಾರದೆ ಹೋಯಿತು ಎಂಬುದು ಯಾವ ವರದಿಯಲ್ಲಿಯೂ ಕಾಣಸಿಗದು. ಪ್ರಸ್ತುತ ಲೇಖನವು ಈ ಅಲ್ಪವೆನಿಸುವ ವಿಷಯವನ್ನು ಕುರಿತದ್ದು.

ಪದಗಳಿಂದಲೇ ಆರಂಭಿಸುವುದು ಪಂಡಿತರ ಹಳೆಯ ಚಾಳಿ, ಓದುಗರು ಸೈರಿಸಬೇಕು. ‘ಗೋಷ್ಠಿ’ ಎಂಬುದು ‘ಗೋಷ್ಠ’ ಶಬ್ದಕ್ಕೆ ಸಂಬಂಧಿಸಿದ್ದು. ಗೋಷ್ಠವೆಂದರೆ ದನಗಳು ಕೂಡುವ ತಾಣ. ಎಂಟನೆಯ ತರಗತಿಯ ಗೋಷ್ಠಿಯನ್ನು ಒಮ್ಮೆಯಾದರೂ ನಡೆಸಿದ ಅಧ್ಯಾಪಕರಾರೂ ಈ ವ್ಯುತ್ಪತ್ತಿಯನ್ನು ಅಲ್ಲಗಳೆಯಲಾರರು. ‘ಚಂದಾ’ ಪಾರಸಿಯಿಂದ ಬಂದ ಮಾತು. ಅದೇ ಅರ್ಥದಲ್ಲಿ ನಮ್ಮ ಹಳ್ಳಿಗಳು ಬಳಸುವ ಮಾತು ‘ವಂತಿಗೆ’. ವಂತು ಎಂದರೆ ಪಾಲು, ಸರದಿ. ಚಂದಾ ಕೊಟ್ಟವನು ದೂರ ನಿಂತು ನೋಡಬಹುದು. ವಂತಿಗೆ ಕೊಟ್ಟವನು ಪಾಲುಗಾರನೇ ಆಗುತ್ತಾನೆ. ಇನ್ನು ‘ಪನಿವಾರ’. ಭಜನೆ, ಪುರಾಣಶ್ರವಣಗಳ ಕೊನೆಯಲ್ಲಿ ಬಂದವರೆಲ್ಲರಿಗೂ ಹಂಚುವ ಕಡಲೆ ಉಸಲಿ, ಕೋಸಂಬರಿ, ಬೆಲ್ಲದ ಅವಲಕ್ಕಿಗೆ ಈ ಹೆಸರು. ಕರೆದು ಬಂದವನು, ಕರೆಯದೆ ಬಂದವನು ಎಂಬ ಭೇದ ಪನಿವಾರಕ್ಕೆ ತಿಳಿಯದು.

ಶಾಲಾ ಮಕ್ಕಳು ಹಣ ಕೂಡಿಸುವ ಬಗೆಗಳು ಎಲ್ಲವೂ ಒಂದೇ ಜಾತಿಯವಲ್ಲ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ನಡೆಯುವ ಸಶಸ್ತ್ರ ಪಡೆಗಳ ಧ್ವಜ ದಿನದಲ್ಲಿ ಮಕ್ಕಳು ಪುಟ್ಟ ಧ್ವಜಗಳನ್ನು ಮಾರಿ ಯೋಧರ ಕುಟುಂಬಗಳ ನಿಧಿಗೆ ಹಣ ಸೇರಿಸುತ್ತಾರೆ. ರಸೀದಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ನಡೆಯುವುದು ಇನ್ನೊಂದು ಬಗೆ. ಸ್ಕೌಟ್ ದಳದ ‘ಖರಿ ಕಮಾಯಿ’ ಮೂರನೆಯದು. ಇದರಲ್ಲಿ ಬಾಲಕನು ಮನೆಯ ಅಂಗಳ ಗುಡಿಸಿಯೋ ಸೈಕಲ್ಲು ಒರೆಸಿಯೋ ತೋಟಕ್ಕೆ ನೀರೆರೆದೋ ಕೂಲಿಯಾಗಿ ನಾಲ್ಕು ಕಾಸು ಪಡೆಯುತ್ತಾನೆ. ಮೊದಲನೆಯದರಲ್ಲಿ ಮಗು ಮಾರುತ್ತದೆ, ಎರಡನೆಯದರಲ್ಲಿ ಬೇಡುತ್ತದೆ, ಮೂರನೆಯದರಲ್ಲಿ ದುಡಿಯುತ್ತದೆ. ಕಾಯಕವೆಂಬ ಮಾತನ್ನು ಪಾಠದಲ್ಲಿ ವಿವರಿಸುವ ನಮಗೆ ಇವುಗಳಲ್ಲಿ ಯಾವುದು ಹೆಚ್ಚು ಒಪ್ಪಿಗೆಯಾಗಬೇಕೆಂಬುದನ್ನು ಹೇಳಬೇಕಾದುದಿಲ್ಲ. ಆದರೂ ನಡೆಯುವುದು ಬಹುಮಟ್ಟಿಗೆ ಎರಡನೆಯದೇ. ಅದು ಸುಲಭ.

ಶಿವಮೊಗ್ಗದಲ್ಲಿ ರಸೀದಿ ಪುಸ್ತಕ ಹೊರಟರೆ ಗಾಂಧಿಬಜಾರಿನ ಅಂಗಡಿಗಳೇ ಮೊದಲ ಗುರಿ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ಹಣವಾಡುವ ಕಾಲವನ್ನು ಹುಡುಗರೂ ಬಲ್ಲರು. ಭದ್ರಾವತಿಯ ಲೆಕ್ಕ ಬೇರೆ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ಊರನ್ನು ಸಂಬಳದ ಊರನ್ನಾಗಿ ಮಾಡಿದವು. ಸಂಬಳದ ದಿನದ ಮರುಸಂಜೆ ಕಾರ್ಮಿಕರ ವಸತಿಗಳಲ್ಲಿ ಹುಡುಗರು ಬರಿಗೈಯಲ್ಲಿ ಮರಳುತ್ತಿದ್ದುದು ಕಡಿಮೆ. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉದ್ಯೋಗ ಹೋದ ಮನೆಯ ಮಗುವಿಗೆ ‘ಸಂಘದ ತಿಂಡಿಗೆ ಹಣ ತಾ’ ಎಂದು ಹೇಳುವುದು ಇಂದು ಎಷ್ಟು ಭಾರದ ಮಾತೆಂಬುದನ್ನು ಅಲ್ಲಿನ ಅಧ್ಯಾಪಕರು ಬಲ್ಲರು.

ನಮ್ಮ ನಾಡಿನಲ್ಲಿ ವಿದ್ಯೆಗಾಗಿ ಕೂಡಿಸಿದ ವಂತಿಗೆಗೆ ದೊಡ್ಡ ಚರಿತ್ರೆಯೇ ಇದೆ. 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸಂಚರಿಸಿದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿಗಳ ಭಕ್ತರಿತ್ತ ಧಾನ್ಯದಿಂದ ಸಾವಿರಾರು ಮಕ್ಕಳ ಊಟ ನಡೆಸಿದುದು ಎಲ್ಲರಿಗೂ ಗೊತ್ತು. ಇಂಥ ಸಂಗ್ರಹದಲ್ಲಿ ಮುಷ್ಟಿಯ ಗುಣವನ್ನು ಗಮನಿಸಬೇಕು. ಅದಕ್ಕೆ ಅಳತೆ ಕೊಡುವವನ ಕೈಯೇ. ಸಾಹುಕಾರನ ಮುಷ್ಟಿಯೂ ಕೂಲಿಯವನ ಮುಷ್ಟಿಯೂ ಹೆಚ್ಚುಕಡಿಮೆ ಒಂದೇ. ಜೋಳಿಗೆಗೆ ಬಿದ್ದ ಮೇಲೆ ಯಾರ ಅಕ್ಕಿ ಯಾವುದೆಂದು ಬೇರ್ಪಡಿಸಲು ಬಾರದು. ರಸೀದಿ ಪುಸ್ತಕವು ಮಾಡುವುದು ಇದಕ್ಕೆ ನೇರ ವಿರುದ್ಧವಾದುದನ್ನು: ಹೆಸರನ್ನೂ ಮೊತ್ತವನ್ನೂ ಪಕ್ಕಪಕ್ಕದಲ್ಲಿ ಕೂರಿಸುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆತ ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಹೆಂಡತಿ ಲಕ್ಕಮ್ಮ ಅದನ್ನು ಕಂಡು, ನಮಗೆ ಬೇಕಾದುದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳುಹಿದಳು. ಈ ಕಥೆಯನ್ನು ನಾವು ತರಗತಿಯಲ್ಲಿ ನಿರಾಶೆಯ ಗುಣಕ್ಕೆ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಸಂಘದ ಖಜಾಂಚಿಯಾದ ಹುಡುಗನಿಗೆ ಇದು ಲೆಕ್ಕಪತ್ರದ ಪಾಠ. ಮೂವತ್ತು ಮಕ್ಕಳ ಸಭೆಗೆ ನೂರು ಜನರ ತಿಂಡಿಯ ಹಣ ಎತ್ತಿದರೆ ಉಳಿದ ಎಪ್ಪತ್ತರ ಗತಿ ಏನೆಂದು ಲಕ್ಕಮ್ಮನಂತೆ ಕೇಳುವವರು ಸಂಘದಲ್ಲಿ ಒಬ್ಬರಾದರೂ ಇರಬೇಕು.

ಈಗ ತಿಂಡಿಯ ವಿಷಯ. ಕೆಲವು ವರ್ಷಗಳ ಹಿಂದೆ ಚರ್ಚಾಸ್ಪರ್ಧೆಯೊಂದರ ತೀರ್ಪುಗಾರನಾಗಿ ಭದ್ರಾವತಿಯ ಒಂದು ಪ್ರೌಢಶಾಲೆಗೆ ಹೋಗಿದ್ದೆ, ಹೆಸರು ಬೇಡ. ಸಭೆ ಮುಗಿದೊಡನೆ ಬೇಕರಿಯ ಪೊಟ್ಟಣಗಳು ಬಂದವು. ಕಪ್ಪುಹಲಗೆಯ ಮೂಲೆಯಲ್ಲಿ ಹಣ ಕೊಟ್ಟವರ ಪಟ್ಟಿಯಿತ್ತು. ಪಟ್ಟಿಯನ್ನು ಓದಿದಂತೆ ಪೊಟ್ಟಣ ಕೈ ಸೇರುತ್ತಿತ್ತು. ಆ ದಿನ ಎಲ್ಲರಿಗಿಂತ ಚೆನ್ನಾಗಿ ಮಾತನಾಡಿದ ಹುಡುಗ ವಂದನಾರ್ಪಣೆ ಆರಂಭವಾದಾಗಲೇ ಎದ್ದು ನಲ್ಲಿಯ ಕಡೆಗೆ ನಡೆದನು. ನೀರು ಕುಡಿಯುವುದಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಅಲ್ಲಿದ್ದ ಸಹಾಧ್ಯಾಪಕಿಯೊಬ್ಬರು, ‘ಅವನು ಪ್ರತಿ ಸಭೆಯಲ್ಲೂ ಹೀಗೆಯೇ ಸ್ವಾಮಿ, ಈ ವರ್ಷದ ಕೊನೆಗೆ ಸಂಘಕ್ಕೆ ಬರುವುದನ್ನೇ ಬಿಡುತ್ತಾನೆ’ ಎಂದರು. ಪಂಕ್ತಿಭೇದವನ್ನು ಖಂಡಿಸುವ ಪಾಠವನ್ನು ಓದಿಸಿದ ಕೊಠಡಿಯಲ್ಲಿಯೇ ಇದು ನಡೆದದ್ದು.

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದು ನಂಬುತ್ತೇನೆ. ದೋಷ ಪೊಟ್ಟಣದ್ದು. ಪೊಟ್ಟಣಕ್ಕೆ ಎಣಿಕೆ ಇದೆ, ಬೆಲೆ ಇದೆ. ಎಣಿಸಿ ತಂದದ್ದನ್ನು ಎಣಿಸಿಯೇ ಕೊಡಬೇಕಾಗುತ್ತದೆ. ನಮ್ಮ ಕಡೆಯ ಮಂಡಕ್ಕಿಗೆ ಈ ದೋಷವಿಲ್ಲ. ಇಬ್ಬರು ಹೆಚ್ಚಾಗಿ ಬಂದರೆ ಪ್ರತಿಯೊಬ್ಬರ ಪಾಲಿನಿಂದ ನಾಲ್ಕು ಕಾಳು ಕಡಿಮೆಯಾಗುತ್ತದೆ, ಯಾರಿಗೂ ತಿಳಿಯುವುದೇ ಇಲ್ಲ. ಒಲೆ ಬೇಡ, ಅಡಿಗೆಯವನು ಬೇಡ. ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಸುರಿದು, ಸ್ವಲ್ಪ ಎಣ್ಣೆ, ಹುರಿದ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕಾಯಿತುರಿ ಬೆರೆಸಿ, ಉಪ್ಪು ಮತ್ತು ನಿಂಬೆರಸವನ್ನು ಕಟ್ಟಕಡೆಗೆ ಹಾಕಬೇಕು. ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಆದಕಾರಣ ನಿಂಬೆಹಣ್ಣು ಕೊಯ್ಯುವುದು ವಂದನಾರ್ಪಣೆಯ ವೇಳೆಗೆ. ಅಧ್ಯಕ್ಷರ ಭಾಷಣ ಮುಗಿಯಿತೆಂದು ನಂಬಿ ಕೊಯ್ದು ಹಿಂಡಿದ ಮೇಲೆ ಅವರು ‘ಕೊನೆಯದಾಗಿ ಇನ್ನೊಂದು ಮಾತು’ ಎಂದ ಸಭೆಗಳನ್ನೂ ನಾನು ಕಂಡಿದ್ದೇನೆ. ಈರುಳ್ಳಿಯನ್ನು ಮಾತ್ರ ಬೇರೆ ತಟ್ಟೆಯಲ್ಲಿಟ್ಟರೆ, ಅದನ್ನು ತಿನ್ನದ ಮನೆಗಳ ಮಕ್ಕಳಿಗೂ ಅಡ್ಡಿಯಿಲ್ಲ. ಕನ್ನಡ, ತಮಿಳು, ತೆಲುಗು, ಮಲೆಯಾಳ, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಭದ್ರಾವತಿಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಶಿವಮೊಗ್ಗದ ಮಿತ್ರರೊಬ್ಬರು ತಮ್ಮ ಕನ್ನಡ ಸಂಘದಲ್ಲಿ ಬಹುಕಾಲದಿಂದ ಒಂದು ಕ್ರಮ ಇರಿಸಿಕೊಂಡಿದ್ದಾರೆ. ತಿಂಡಿಗೆ ಹಣವಿಲ್ಲ. ಸಭೆಯ ಬೆಳಗ್ಗೆ ಬೋಗುಣಿಯನ್ನು ಮುಚ್ಚಳ ಸಹಿತ ಪಡಸಾಲೆಯಲ್ಲಿ ಇಟ್ಟಿರುತ್ತಾರೆ. ಮಕ್ಕಳು ಮನೆಯಿಂದ ಒಂದು ಹಿಡಿ ಮಂಡಕ್ಕಿಯನ್ನೋ ಅವಲಕ್ಕಿಯನ್ನೋ ತಂದು ಹಾಕಿ ಹೋಗಬಹುದು. ಪಕ್ಕದ ಬುಟ್ಟಿಯಲ್ಲಿ ಹಿತ್ತಿಲಿನ ನಿಂಬೆಹಣ್ಣಿಗೂ ಎರಡು ಮೆಣಸಿನಕಾಯಿಗೂ ಸ್ಥಳವಿದೆ. ಏನೂ ತರದವನನ್ನು ಯಾರೂ ಕಾಣುವುದಿಲ್ಲ. ಕಡಿಮೆ ಬಿದ್ದುದನ್ನು ಖರಿ ಕಮಾಯಿಯ ಹಣದಿಂದ ತುಂಬುತ್ತಾರೆ. ಸರ್ಕಾರವು 2002ರಲ್ಲಿ ಶಾಲೆಗಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಆ ಹೆಸರಿನ ಅರ್ಥ ಮಧ್ಯಾಹ್ನ ಒಂದು ಬಗೆ, ಸಂಜೆಯ ಸಭೆಯಲ್ಲಿ ಇನ್ನೊಂದು ಬಗೆ ಆಗಬಾರದೆಂಬುದು ಆ ಮಿತ್ರರ ವಾದ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಸಂಘಗಳಿಗೆ ಹಣ ಬೇಡವೆಂದು ನಾನು ಹೇಳುತ್ತಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದುದು, 1930ರಲ್ಲಿ ಹುಟ್ಟಿದ ಶಿವಮೊಗ್ಗದ ಕರ್ನಾಟಕ ಸಂಘವು ಇಂದಿಗೂ ನಡೆದು ಬಂದಿರುವುದು ಉದಾರಿಗಳ ನೆರವಿಲ್ಲದೆ ಆಗುವ ಕೆಲಸಗಳಲ್ಲ. ಆದರೆ ಒಂದು ಸಭೆಯ ತಿಂಡಿಯನ್ನು ತಮ್ಮ ಹೆಸರಿನಲ್ಲಿ ಕೊಡಿಸುವುದಕ್ಕಿಂತ ಒಂದು ಬೋಗುಣಿ, ಒಂದು ತೂಗುತಕ್ಕಡಿ, ಪುಸ್ತಕದ ಬೀರು ಕೊಡಿಸುವುದು ಲೇಸು. ಪಾತ್ರೆಯ ಕಂಠದ ಮೇಲೆ ಹೆಸರು ಕೆತ್ತಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ತಿನ್ನುವ ಹೊತ್ತಿನಲ್ಲಿ ಹೆಸರು ಓದುವುದು ಬೇಡ.

ಲೆಕ್ಕ ಮಾತ್ರ ಬಹಿರಂಗವಾಗಿರಲಿ. ಮೇಲೆ ಹೇಳಿದ ಸಂಘದಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಪ್ರತಿ ಸಭೆಯ ಆರಂಭದಲ್ಲಿ ಹಿಂದಿನ ಲೆಕ್ಕವನ್ನು ಎದ್ದು ನಿಂತು ಓದುತ್ತಾಳೆ. ಕೊಟ್ಟವರ ಹೆಸರುಗಳು ಅದರಲ್ಲಿಲ್ಲ. ಬಂದದ್ದು, ಖರ್ಚಾದದ್ದು, ಉಳಿದದ್ದು ಇಷ್ಟೇ. ‘ಉಳಿಕೆ: ಬೆಲ್ಲ ಅರ್ಧ ಅಚ್ಚು, ನಿಂಬೆಹಣ್ಣು ಮೂರು’ ಎಂದಾಗ ಮಕ್ಕಳು ನಗುತ್ತಾರೆ, ಮೂರಲ್ಲ, ನಾಲ್ಕು ಇತ್ತಲ್ಲ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ ಅವಳು ಉತ್ತರ ಹೇಳಿಯೇ ಕುಳಿತುಕೊಳ್ಳಬೇಕು.