ಕಾಲ್ ಲಿಸ್ಟ್ ಓದುವ ವಿದ್ಯೆ



ಕ್ರೈಂ ಥ್ರಿಲ್ಲರ್‌ಗಳಲ್ಲಿ ಪ್ರೊಫೈಲರ್ ಅಂತ ಒಬ್ಬರು ಇರುತ್ತಾರೆ. ಕೊಲೆ ನಡೆದ ರೀತಿ ನೋಡಿ ಕೊಲೆಗಾರನ ವಯಸ್ಸು, ಕೆಲಸ, ಸ್ವಭಾವ ಊಹಿಸುವವರು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಕೀ ಒತ್ತಿದರೆ ಆಯಿತು, ಅವನ ಫೋಟೋ ಬಂದುಬಿಡುತ್ತದೆ. ಈ ವಿದ್ಯೆ ಪೂರ್ತಿ ಸುಳ್ಳಲ್ಲ. ಅಪರಾಧಿಗಳ ವರ್ತನೆ ಅಭ್ಯಾಸ ಮಾಡಲು ಅಮೆರಿಕದ ಎಫ್.ಬಿ.ಐ. 1972ರಲ್ಲೇ ಒಂದು ವಿಭಾಗ ತೆರೆದಿತ್ತು. ಆದರೆ ನಮ್ಮ ಪಕ್ಕದ ಜಿಲ್ಲೆಯ ಒಂದು ನಿಜ ಪ್ರಕರಣದ ಬಗ್ಗೆ ಓದಿದಾಗ, ಇದು ನಮ್ಮ ಅಕೌಂಟೆನ್ಸಿ ಕ್ಲಾಸಿಗೆ ಹತ್ತಿರದ ವಿಷಯ ಅನಿಸಿತು.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ ದಾಟಿದರೆ ಬಂಟ್ವಾಳ. 2009ರ ಜೂನ್‌ನಲ್ಲಿ ಆ ತಾಲೂಕಿನ ಒಬ್ಬ ಯುವತಿ ಕಾಣೆಯಾದಳು. ಅವಳು ಮುಸ್ಲಿಂ ಯುವಕನ ಜೊತೆ ಓಡಿಹೋಗಿದ್ದಾಳೆ ಎಂದು ಸುದ್ದಿ ಹಬ್ಬಿತು. ಜನ ಪೊಲೀಸ್ ಠಾಣೆಯ ಮೇಲೆ ಒತ್ತಡ ತಂದರು. ಇದನ್ನು ಓದಿದಾಗ ಆ ದಿನಗಳಲ್ಲಿ ಬಂಟ್ವಾಳದ ನಮ್ಮ ಹುಡುಗರು ಹೇಗೆ ಬಸ್ ಹತ್ತಿ ಕಾಲೇಜಿಗೆ ಹೋದರೋ ಎಂದು ಯೋಚಿಸಿದೆ.

ಒತ್ತಡ ಹೆಚ್ಚಿದ ಮೇಲೆ ಪೊಲೀಸರು ಅವಳ ಕಾಲ್ ಲಿಸ್ಟ್ ತೆಗೆಸಿದರು. ಅದರಲ್ಲಿದ್ದ ಒಂದು ನಂಬರ್ ಯಾರದ್ದು ಎಂದು ಹುಡುಕಿದರೆ ಮಡಿಕೇರಿ ಕಡೆಯ ಇನ್ನೊಬ್ಬ ಯುವತಿಯದ್ದು. ಅವಳೂ ಕಾಣೆ. ಅವಳ ಲಿಸ್ಟ್‌ನಿಂದ ಕಾಸರಗೋಡು ಕಡೆಯ ಒಂದು ನಂಬರ್ ಸಿಕ್ಕಿತು. ಅವಳೂ ಇಲ್ಲ. ಕೊಲೆಗಾರ ಒಬ್ಬಳ ಫೋನ್ ಇಟ್ಟುಕೊಂಡು ಅದರಿಂದ ಮುಂದಿನವಳಿಗೆ ಕರೆ ಮಾಡುತ್ತಿದ್ದ. ಕೊನೆಗೆ ಅಂಥ ಒಂದು ಫೋನ್ ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಚಾಲೂ ಇರುವುದು ಗೊತ್ತಾಯಿತು. ಅದನ್ನು ಬಳಸುತ್ತಿದ್ದವರಿಂದ ಹೊರಬಂದ ಹೆಸರು ಮೋಹನ್ ಕುಮಾರ್. ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು. 2009ರ ಅಕ್ಟೋಬರ್‌ನಲ್ಲಿ ಅವನನ್ನು ಹಿಡಿದರು. ಪತ್ರಿಕೆಗಳು ಇಟ್ಟ ಹೆಸರು ಸೈನೈಡ್ ಮೋಹನ್.

ಕಾಲ್ ಲಿಸ್ಟ್‌ನಲ್ಲಿ ಮಾತು ಇರುವುದಿಲ್ಲ. ಯಾವ ನಂಬರ್‌ನಿಂದ ಯಾವ ನಂಬರ್‌ಗೆ, ದಿನಾಂಕ, ಸಮಯ, ಎಷ್ಟು ಸೆಕೆಂಡ್, ಯಾವ ಟವರ್, ಇಷ್ಟೇ ಕಾಲಂಗಳು. ಜೊತೆಗೆ ಹ್ಯಾಂಡ್‌ಸೆಟ್‌ನ ಐ.ಎಂ.ಇ.ಐ. ನಂಬರ್, 15 ಅಂಕಿಯದ್ದು. ಸಿಮ್ ಬದಲಿಸಿದರೂ ಇದು ಬದಲಾಗುವುದಿಲ್ಲ. ಟವರ್‌ನಿಂದ ಜಾಗ ತಿಳಿಯುತ್ತದೆ, ಆದರೆ ಅಂದಾಜು. ಪೇಟೆಯಲ್ಲಿ ಟವರ್‌ಗಳು ಹತ್ತಿರ ಹತ್ತಿರ ಇರುವುದರಿಂದ ಬೀದಿಯ ಸಮೀಪಕ್ಕೆ ಹೋಗಬಹುದು. ಜಾವಳಿಯಂಥ ಕಡೆ ಒಂದೇ ಟವರ್ ಎಷ್ಟೋ ಎಸ್ಟೇಟುಗಳಿಗೆ. (ಅದೂ ಮಳೆಗಾಲದಲ್ಲಿ ಕರೆಂಟ್ ಇದ್ದರೆ!)

ಈಗ ಬಿ.ಆರ್.ಎಸ್. ನೆನಪಿಸಿಕೊಳ್ಳಿ. ನಮ್ಮ ಕ್ಯಾಶ್ ಬುಕ್ಕಿನಲ್ಲಿ ಒಂದು ಬಾಕಿ, ಬ್ಯಾಂಕಿನ ಪಾಸ್ ಬುಕ್ಕಿನಲ್ಲಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋದರೆ ಮಾತ್ರ ವ್ಯತ್ಯಾಸ ಎಲ್ಲಿದೆ ಎಂದು ಕಾಣುತ್ತದೆ. ಮೋಹನ್ ಬಡ ಮನೆಯ ಹೆಣ್ಣುಮಕ್ಕಳಿಗೆ ವರದಕ್ಷಿಣೆ ಇಲ್ಲದೆ ಮದುವೆಯಾಗುತ್ತೇನೆ ಎಂದು ನಂಬಿಸುತ್ತಿದ್ದ. ಒಡವೆ ಹಾಕಿಕೊಂಡು ಬರಲು ಹೇಳಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಮರುದಿನ ಬೆಳಿಗ್ಗೆ ಒಡವೆಯನ್ನು ಲಾಡ್ಜ್‌ನಲ್ಲೇ ಬಿಡಿಸಿ, ಬಸ್ ಸ್ಟ್ಯಾಂಡಿನಲ್ಲಿ ಸೈನೈಡ್ ಹಚ್ಚಿದ ಗುಳಿಗೆ ಕೊಡುತ್ತಿದ್ದ. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನ ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ ಶವ ಸಿಕ್ಕಿದವು. ಗುರುತು ಇಲ್ಲದ ಹೆಣ ಎಂದು ಆ ಊರಿನ ಠಾಣೆಯಲ್ಲಿ ಅಸ್ವಾಭಾವಿಕ ಸಾವಿನ ಒಂದು ಎಂಟ್ರಿ. ಅವಳ ಊರಲ್ಲಿ ಮನೆಯವರು ದೂರು ಕೊಟ್ಟಿದ್ದರೆ ಕಾಣೆಯಾದವರ ಪಟ್ಟಿಯಲ್ಲಿ ಇನ್ನೊಂದು ಎಂಟ್ರಿ. ಎರಡೂ ಪುಸ್ತಕ ಸರಿಯಾಗಿಯೇ ಬರೆದಿವೆ. ತಾಳೆ ನೋಡಿದವರು ಇಲ್ಲ. ಹೀಗೆ 20 ಹೆಣ್ಣುಮಕ್ಕಳು.

ದೂರು ಕೊಟ್ಟಿದ್ದರೆ ಎಂದೆ. ಎಷ್ಟೋ ಮನೆಯವರು ಮಗಳು ಯಾರನ್ನೋ ಮದುವೆಯಾಗಿ ಎಲ್ಲೋ ಚೆನ್ನಾಗಿದ್ದಾಳೆ ಎಂದುಕೊಂಡು, ಅಥವಾ ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ನಮ್ಮ ಮನೆಗಳಲ್ಲಿ 'ಭಾಗ್ ಗಯಿ' ಅಂತಾರೆ, ಪಕ್ಕದ ಮನೆಯಲ್ಲಿ 'ಓಡಿಹೋದಳಂತೆ' ಅಂತಾರೆ. ಯಾವ ಭಾಷೆಯಲ್ಲಿ ಹೇಳಿದರೂ ಆ ಮಾತಿನ ಮೇಲೆ ಹುಡುಕುವುದು ನಿಂತುಹೋಗುತ್ತದೆ. ಬಂಟ್ವಾಳದ ಯುವತಿಯನ್ನು ಮಾತ್ರ ಬಿಡದೆ ಹುಡುಕಿದರು, ಅದೂ ಸುಳ್ಳು ಸುದ್ದಿಯ ಗಲಾಟೆಯಿಂದ. ಅದಕ್ಕಿಂತ ಮುಂಚಿನವರಿಗಾಗಿ ಠಾಣೆ ಮುಂದೆ ಯಾರೂ ಸೇರಿರಲಿಲ್ಲ. 2023ರಲ್ಲಿ ಬಂದ ಸೋನಾಕ್ಷಿ ಸಿನ್ಹಾ ಅವರ 'ದಹಾಡ್' ಸರಣಿಗೆ ಈ ಪ್ರಕರಣವೇ ಪ್ರೇರಣೆ ಎಂದು ಪತ್ರಿಕೆಗಳು ಬರೆದವು. ಕಥೆ ರಾಜಸ್ಥಾನದ್ದು. ಅದರಲ್ಲಿ ಬಡ ಅಣ್ಣನೊಬ್ಬ ತನ್ನ ತಂಗಿಯನ್ನು ಹುಡುಕಲಿ ಎಂದೇ ಮುಸ್ಲಿಂ ಹುಡುಗನ ಜೊತೆ ಓಡಿಹೋದಳು ಎನ್ನುತ್ತಾನೆ. ಇಡೀ ಸರಣಿಯಲ್ಲಿ ನನಗೆ ಹೆಚ್ಚು ಬೇಸರವಾದ ಜಾಗ ಅದು, ಆದರೆ ಸುಳ್ಳು ಅನಿಸಲಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿ ಹಿಡಿದ ಉದಾಹರಣೆ ಬೇಕೆಂದರೆ ಅಮೆರಿಕದ ಡೆನ್ನಿಸ್ ರೇಡರ್. 1974ರಿಂದ 1991ರವರೆಗೆ 10 ಜನರನ್ನು ಕೊಂದವನು. 2005ರಲ್ಲಿ ಒಂದು ಟಿ.ವಿ. ಚಾನೆಲ್‌ಗೆ ಫ್ಲಾಪಿ ಕಳಿಸಿದ. ಅದರಲ್ಲಿ ಅವನು ಅಳಿಸಿಹಾಕಿದ್ದ ಫೈಲಿನಲ್ಲಿ 'ಡೆನ್ನಿಸ್' ಎಂಬ ಹೆಸರೂ ಒಂದು ಚರ್ಚಿನ ಹೆಸರೂ ಉಳಿದಿದ್ದವು. ಪೊಲೀಸರು ಆ ಚರ್ಚನ್ನು ನೆಟ್‌ನಲ್ಲಿ ಹುಡುಕಿದರು, ಅದರ ಸಮಿತಿಯ ಅಧ್ಯಕ್ಷ ಅವನೇ. ಇಲ್ಲೂ ಸಿಕ್ಕಿದ್ದು ಲೆಕ್ಕದಿಂದಲೇ, ಊಹೆಯಿಂದಲ್ಲ.

ಮೋಹನ್ ಮಂಗಳೂರಿನ ಕೋರ್ಟಿನಲ್ಲಿ ತನ್ನ ಪರವಾಗಿ ತಾನೇ ವಾದ ಮಾಡಿದ. ಅವನ ಕೈಯಿಂದ ಬದುಕಿ ಉಳಿದಿದ್ದ ಒಬ್ಬ ಮಹಿಳೆ ಬಂದು ಸಾಕ್ಷಿ ಹೇಳಿದರು. 2013ರ ಡಿಸೆಂಬರ್‌ನಲ್ಲಿ ಮರಣದಂಡನೆ ಆಯಿತು. 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. 20ನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.