ಕಫದ ಔಷಧವೂ ನಮ್ಮ ಅಜಾಗರೂಕತೆಯೂ

ಮಳೆಗಾಲ ಕಳೆದು ಚಳಿ ಬೀಳತೊಡಗಿದೊಡನೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಕೆಮ್ಮಿನ ಸದ್ದಿಲ್ಲದ ಕೋಣೆಯೇ ಇರುವುದಿಲ್ಲ. ಅದರ ಬೆನ್ನಿಗೇ ಕಿಟಕಿಗಳ ಮೇಲೆ ಔಷಧದ ಸೀಸೆಗಳು ಬಂದು ಕೂರುತ್ತವೆ. ಒಬ್ಬನಿಗೆಂದು ವೈದ್ಯರು ಬರೆದುಕೊಟ್ಟ ಸೀಸೆ ಮೂವರಿಗೆ ಹಂಚಿಹೋಗುವುದು ಸರ್ವೇಸಾಮಾನ್ಯ. “ಕೆಮ್ಮಿನ ಔಷಧ ತಾನೆ, ಏನಾದೀತು?” ಎಂಬುದು ಎಲ್ಲರ ಮಾತು. ಏನಾದೀತೆಂಬುದನ್ನು ಕೊಂಚ ವಿಚಾರಿಸೋಣ.

ಕೆಮ್ಮು ತಾನೇ ಒಂದು ರೋಗವಲ್ಲ. ಶ್ವಾಸನಾಳಗಳ ಒಳಮೈಯಲ್ಲಿ ಲೋಳೆಯ ತೆಳುಪದರವಿದೆ. ಉಸಿರಿನೊಡನೆ ಹೊಕ್ಕ ಧೂಳೂ ರೋಗಾಣುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಎಡೆಬಿಡದೆ ಅಲುಗಾಡುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಸೋಂಕು ತಗುಲಿದಾಗ ಲೋಳೆ ಹೆಚ್ಚಿ ಗಟ್ಟಿಯಾಗುವುದು. ರೋಮಗಳಿಂದ ಆಗದ ಕೆಲಸವನ್ನು ಆಗ ಕೆಮ್ಮು ಮಾಡಬೇಕಾಗುತ್ತದೆ. ಈ ಕಫವನ್ನು ಸಡಿಲಿಸಿ ಹೊರಬರುವಂತೆ ಮಾಡುವ ಔಷಧಗಳೇ ಕಫನಿಸ್ಸಾರಕಗಳು. ಗ್ವಾಯ್‌ಫೆನೆಸಿನ್, ಅಮೋನಿಯಂ ಕ್ಲೋರೈಡ್ ಈ ಜಾತಿಯವು. ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್ ಎಂಬವು ಕಫದ ಅಂಟನ್ನೇ ಕಡಿಮೆ ಮಾಡತಕ್ಕವು. ನಮ್ಮ ಅಜ್ಜಿಯರು ಬೇಲಿಯಿಂದ ಕಿತ್ತು ಕಷಾಯ ಮಾಡುತ್ತಿದ್ದ ಆಡುಸೋಗೆಯ ಸೊಪ್ಪಿನಲ್ಲಿ ವ್ಯಾಸಿಸೀನ್ ಎಂಬ ಸತ್ತ್ವವಿದೆ; ಅದನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ್ದೇ ಬ್ರೋಮ್‌ಹೆಕ್ಸಿನ್. ಅಜ್ಜಿಗೆ ಇದನ್ನು ಹೇಳಿದರೆ ಅವಳೇನೂ ಆಶ್ಚರ್ಯಪಡಲಾರಳು.

ಇವಕ್ಕೆ ನೇರ ವಿರುದ್ಧವಾದ ಇನ್ನೊಂದು ವರ್ಗವಿದೆ. ಕೊಡೀನ್, ಡೆಕ್ಸ್‌ಟ್ರೊಮೆಥಾರ್ಫನ್ ಮುಂತಾದವು ಕೆಮ್ಮನ್ನೇ ಅಡಗಿಸುತ್ತವೆ. ಕಫವಿಲ್ಲದ ಒಣಕೆಮ್ಮಿಗೆ ವೈದ್ಯರು ಇವನ್ನು ಕೊಡುವುದುಂಟು. ಎದೆತುಂಬ ಕಫ ಕಟ್ಟಿಕೊಂಡವನು ಇದನ್ನು ಕುಡಿದರೆ ಹೊರಬೀಳಬೇಕಾದುದು ಒಳಗೇ ನಿಂತುಬಿಡುತ್ತದೆ. ಅಂಗಡಿಯಲ್ಲಿ ಎರಡು ಸೀಸೆಗಳೂ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಬಣ್ಣ, ರುಚಿ, ವಾಸನೆಗಳಲ್ಲಿ ಹೆಚ್ಚಿನ ಭೇದ ತಿಳಿಯದು. ಭೇದ ತಿಳಿಸುವುದು ಚೀಟಿಯ ಮೇಲಿನ ಸಣ್ಣ ಅಕ್ಷರ ಮಾತ್ರ.

ಆ ಸಣ್ಣ ಅಕ್ಷರವನ್ನು ಓದದೆ ನಾವು ಪಟ್ಟ ಪಾಡನ್ನು ಇಲ್ಲಿ ಹೇಳಬೇಕು. ಕಳೆದ ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಕೋಣೆಯ ಗೆಳೆಯನು ಪಕ್ಕದ ಕೋಣೆಯಿಂದ ಸೀಸೆ ತಂದು, ಬೇಗ ಗುಣವಾಗಲೆಂದು ಊಟದ ಚಮಚದಲ್ಲಿ ಎರಡು ಸಲ ತುಂಬಿಸಿ ಕುಡಿದನು. ಸ್ವಲ್ಪ ಹೊತ್ತಿಗೆ ಕೈಗಳು ನಡುಗಲಾರಂಭಿಸಿದವು, ಎದೆ ಡವಡವನೆ ಹೊಡೆದುಕೊಳ್ಳತೊಡಗಿತು. ಅವನಿಗಿಂತ ಹೆಚ್ಚು ಹೆದರಿದವನು ನಾನು. ಮಧ್ಯರಾತ್ರಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಮಾತು, “ಸೀಸೆ ಎಲ್ಲಿ?” ಅದನ್ನು ತಂದಿರಲಿಲ್ಲ. ಬೆಳಿಗ್ಗೆ ನೋಡಿದರೆ ಅದರಲ್ಲಿ ಕಫ ಸಡಿಲಿಸುವ ಔಷಧಗಳ ಜೊತೆಗೆ ಟರ್ಬುಟಲೀನ್ ಇತ್ತು. ಉಬ್ಬಸದಲ್ಲಿ ಬಿಗಿದ ಶ್ವಾಸನಾಳವನ್ನು ಅಗಲಿಸುವ ಔಷಧವದು. ಪ್ರಮಾಣ ಮೀರಿದರೆ ನಡುಕವೂ ಎದೆಬಡಿತವೂ ತಪ್ಪಿದ್ದಲ್ಲ. ಸೀಸೆಯ ಒಡೆಯನಿಗೆ ಉಬ್ಬಸವಿತ್ತು, ನನ್ನ ಗೆಳೆಯನಿಗೆ ಇರಲಿಲ್ಲ.

ಚಮಚದ ಲೆಕ್ಕವನ್ನೂ ನೋಡಿ. ಔಷಧದ ಒಂದು ಟೀ ಚಮಚವೆಂದರೆ 5 ಮಿ.ಲೀ.; ಊಟದ ದೊಡ್ಡ ಚಮಚದಲ್ಲಿ 15 ಮಿ.ಲೀ. ಹಿಡಿಯಬಹುದು. “ಒಂದು ಚಮಚ” ಎಂಬ ಒಂದೇ ಮಾತು ಮೂರು ಪಟ್ಟಾಯಿತು. ಸೀಸೆಯ ಮುಚ್ಚಳದ ಮೇಲೆ ಬರುವ ಅಳತೆಯ ಬಟ್ಟಲನ್ನು ಮೊದಲ ದಿನವೇ ಕಳೆದುಹಾಕುವ ಅಭ್ಯಾಸ ನಮ್ಮದು. ಜೊತೆಗೆ, ಕೆಲವು ಮಿಶ್ರಣಗಳಲ್ಲಿ ನೆಗಡಿಗೆಂದು ಕ್ಲೋರ್‌ಫೆನಿರಮೀನ್ ಸೇರಿರುತ್ತದೆ. ಇದು ತೂಕಡಿಕೆ ತರುವುದರಿಂದ, ಕುಡಿದು ಬೈಸಿಕಲ್ಲನ್ನೋ ಮೋಟಾರು ಬೈಕನ್ನೋ ಏರುವುದು ಅಪಾಯ. ಸಕ್ಕರೆ ಕಾಯಿಲೆ, ಹೃದ್ರೋಗ, ಜಠರದ ಹುಣ್ಣು ಇರುವವರೂ ಗರ್ಭಿಣಿಯರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೈಮೇಲೆ ದದ್ದು ಎದ್ದರೆ ಔಷಧವನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.

ರಜೆಗೆ ಊರಿಗೆ ಹೋಗುವಾಗ ಉಳಿದ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ತಮ್ಮನಿಗೋ ತಂಗಿಗೋ ಕುಡಿಸುವವರಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧವನ್ನು ಕೊಡಲೇಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡವೆಂದೂ ಕೇಂದ್ರ ಆರೋಗ್ಯ ಇಲಾಖೆಯು 2025ರ ಅಕ್ಟೋಬರಿನಲ್ಲಿ ಸೂಚಿಸಿತು. ಆ ಸೂಚನೆ ಬಂದುದು ಮಧ್ಯಪ್ರದೇಶದ ಛಿಂದ್ವಾಡದ ದುರಂತದ ಸಮಯದಲ್ಲಿ. ಕೆಮ್ಮಿನ ಸಿರಪ್ಪೊಂದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕವು ಬೆರೆತು, ಮೂತ್ರಪಿಂಡಗಳು ಕೆಟ್ಟು, 20ಕ್ಕೂ ಹೆಚ್ಚು ಮಕ್ಕಳು ತೀರಿಹೋದರು. ಇದೇ ವಿಷವು 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಸಿಹಿಯಾದ ಈ ವಿಷವನ್ನು ನಾಲಿಗೆಯಿಂದಾಗಲಿ ಕಣ್ಣಿನಿಂದಾಗಲಿ ನಾವು ಕಂಡುಹಿಡಿಯಲಾರೆವು. ಮಗುವಿಗೆ ಔಷಧ ಕೊಟ್ಟ ಮೇಲೆ ಮೂತ್ರ ಕಡಿಮೆಯಾದರೆ, ವಾಂತಿಯಾದರೆ, ಮಂಕು ಕವಿದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಸೀಸೆಯನ್ನು ಎಸೆಯದೆ ಜೊತೆಗೆ ಕೊಂಡೊಯ್ಯಬೇಕು.

ಕಫವನ್ನು ತೆಳುವಾಗಿಡಲು ನೀರು, ಗಂಜಿ, ಸಾರು ಹೇರಳವಾಗಿ ಕುಡಿಯುವುದೂ ಸಹಾಯಕ. ಶೀತದ ಕೆಮ್ಮು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಎರಡು ವಾರ ಮೀರಿದರೂ ಇಳಿಯದಿದ್ದರೆ, ಅಥವಾ ಕಫದಲ್ಲಿ ರಕ್ತ ಕಂಡರೆ, ಮತ್ತೊಂದು ಸೀಸೆ ಕೊಳ್ಳುವ ಕೆಲಸವಲ್ಲ ಅದು. ಕ್ಷಯವಿದೆಯೇ ಎಂದು ಕಫಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ.